ಹಗಲಿನ ರೈಲು, ಕಿಟಕಿಯ ಸೀಟು: ಭಾರತದ ಚೆಲುವಾದ ರೈಲು ಹಾದಿಗಳನ್ನು ಕಣ್ತುಂಬ ನೋಡಿ ಬರಲು ಒಂದು ಮಾರ್ಗದರ್ಶಿ

ಬೆಂಗಳೂರಿನಿಂದ ಮಂಗಳೂರಿಗೆ ನಾನು ಹಲವು ವರ್ಷ ರಾತ್ರಿ ರೈಲಿನಲ್ಲೇ ಓಡಾಡಿದೆ. ಊಟ ಮುಗಿಸಿ ಹತ್ತಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಕರಾವಳಿ. ನಡುರಾತ್ರಿ ಯಾವಾಗಲೋ ರೈಲಿನ ವೇಗ ಇಳಿಯುತ್ತಿತ್ತು, ಸುರಂಗದ ಮೊರೆತ ಕಿವಿಗೆ ಬೀಳುತ್ತಿತ್ತು, ನಾನು ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಒಂದು ಸಲ ರಾತ್ರಿಯ ಟಿಕೆಟ್ ಸಿಗದೆ ಹಗಲಿನ ರೈಲು ಹತ್ತಿದೆ. ಸಕಲೇಶಪುರ ದಾಟಿದ ಮೇಲೆ ಕಿಟಕಿಯಿಂದ ಕಣ್ಣು ಕೀಳಲು ಆಗಲಿಲ್ಲ. ಎದುರು ಬೆಟ್ಟದಿಂದ ಬಿಳಿ ದಾರದಂತೆ ಇಳಿಯುವ ನೀರು, ಕಾಲಡಿಯಲ್ಲಿ ಪಾತಾಳದಂಥ ಕಣಿವೆ, ಒಂದು ಸುರಂಗ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಇಷ್ಟು ವರ್ಷ ಇದೇ ಹಳಿಯ ಮೇಲೆ ನಿದ್ದೆ ಮಾಡುತ್ತ ಹೋಗಿದ್ದೆನಲ್ಲ ಎಂದು ಅಂದು ಆದ ಸಂಕಟ ಇವತ್ತಿಗೂ ನೆನಪಿದೆ.

ನೋಡುವುದಕ್ಕಾಗಿಯೇ ಮಾಡುವ ರೈಲು ಪ್ರಯಾಣದಲ್ಲಿ ತಲುಪುವ ಊರಿಗಿಂತ ನಡುವಿನ ಒಂದು ತುಂಡು ಹಾದಿ ಮುಖ್ಯ. ಆ ತುಂಡು ಬೆಳಕಿರುವಾಗ ಕಣ್ಣೆದುರು ಬರಬೇಕು. ಯಾವ ರೈಲು, ಯಾವ ತರಗತಿ, ಯಾವ ತಿಂಗಳು, ರಾತ್ರಿ ತಂಗುವುದು ಎಲ್ಲಿ ಎಂಬುದೆಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಅದನ್ನು ಹೇಗೆ ಮಾಡುವುದೆಂದು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಹಾದಿಯ ತುಂಡನ್ನು ಆರಿಸಿಕೊಳ್ಳಿ

ನಮ್ಮ ದೇಶದಲ್ಲಿ ಉದ್ದದ ಪ್ರಯಾಣವೆಲ್ಲ ಸುಂದರ ಪ್ರಯಾಣವಲ್ಲ. ದಿಬ್ರುಗಢದಿಂದ ಕನ್ಯಾಕುಮಾರಿಗೆ ಹೋಗುವ ವಿವೇಕ ಎಕ್ಸ್‌ಪ್ರೆಸ್ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಓಡುತ್ತದೆ. ಅದರಲ್ಲಿ ಮೂರು ಹಗಲು ಮೂರು ರಾತ್ರಿ ಕೂತು ಬಂದರೆ ದೇಶ ಎಷ್ಟು ದೊಡ್ಡದೆಂದು ಮೈಗೆ ತಿಳಿಯುತ್ತದೆ, ನಿಜ. ಆದರೆ ವಿರಾಮಕ್ಕೆ ಹೊರಟವರಿಗೆ, ಅದರಲ್ಲೂ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೊರಟವರಿಗೆ, ಮೂರರಿಂದ ಆರು ಗಂಟೆಯಲ್ಲಿ ಮುಗಿಯುವ ಘಾಟಿಯ ಹಾದಿಗಳೇ ಸರಿ.

ಕನ್ನಡಿಗರಿಗೆ ಕೈಗೆಟುಕುವಂತಿರುವುದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ. ಸುಮಾರು 55 ಕಿಲೋಮೀಟರ್, 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ಮಾರ್ಗವನ್ನು ಬ್ರಾಡ್ ಗೇಜ್ ಕೆಲಸಕ್ಕಾಗಿ 1996ರಲ್ಲಿ ಮುಚ್ಚಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ಈ ನಿಲ್ದಾಣಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಂದೊಂದನ್ನೇ ಎಣಿಸುತ್ತ ಇಳಿಯುವುದು ಮಕ್ಕಳಿಗೆ ಒಳ್ಳೆಯ ಆಟ.

ಎರಡನೆಯದು ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗಿನ ಬ್ರಗಾಂಝಾ ಘಾಟಿ. ದೂರ ಇಪ್ಪತ್ತಾರು ಕಿಲೋಮೀಟರ್ ಅಷ್ಟೇ. ಆದರೆ ಏರು 37ಕ್ಕೆ 1, ಎಂದರೆ 37 ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೇರಬೇಕು. ಸಕಲೇಶಪುರದ ಕಡೆ ಅದು 50ಕ್ಕೆ 1. ಹಾಗಾಗಿ ಇಲ್ಲಿ ರೈಲಿಗೆ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸುತ್ತಾರೆ. ರೈಲ್ವೆಯವರ ಮಾತಿನಲ್ಲಿ ಅವು ಬ್ಯಾಂಕರ್. ಏರುವಾಗ ಹಿಂದಿನಿಂದ ದೂಡುವುದಕ್ಕೂ ಇಳಿಯುವಾಗ ತಡೆಹಿಡಿಯುವುದಕ್ಕೂ ಅವೇ ಆಸರೆ. ಈ ಹಾದಿಯ ನಡುವೆ ಸುಮಾರು 310 ಮೀಟರ್ ಎತ್ತರದಿಂದ ಧುಮ್ಮಿಕ್ಕುವ ದೂಧಸಾಗರ ಇದೆ. ರೈಲು ಜಲಪಾತದ ನಡು ಎತ್ತರದಲ್ಲಿರುವ ಸೇತುವೆಯ ಮೇಲೆ ಹಾದುಹೋಗುತ್ತದೆ. ಮಳೆಗಾಲದಲ್ಲಿ ಕಿಟಕಿ ತೆರೆದಿದ್ದರೆ ತುಂತುರು ಮುಖಕ್ಕೇ ಬೀಳುತ್ತದೆ.

ಮೂರನೆಯದು ಕೊಂಕಣ ರೈಲ್ವೆ. ಮುಂಬಯಿಯ ದಕ್ಷಿಣಕ್ಕಿರುವ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 740 ಕಿಲೋಮೀಟರ್. ಪೂರ್ತಿ ಹಾದಿ ತೆರೆದದ್ದು 1998ರ ಜನವರಿ 26ರಂದು. ಹೆಸರು ಕೇಳಿ ದಾರಿಯುದ್ದಕ್ಕೂ ಕಡಲು ಕಾಣುತ್ತದೆಂದು ನಂಬಿ ಹೊರಟವರು ನಿರಾಶರಾಗುತ್ತಾರೆ. ಇಲ್ಲಿ ಕಡಲಿನ ದರ್ಶನ ಅಪರೂಪ, ನದಿಗಳದ್ದೇ ದರ್ಬಾರು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಎರಡು ಕಿಲೋಮೀಟರ್ ಉದ್ದದ ಸೇತುವೆ, ಕುಮಟಾದ ಬಳಿ ಅಘನಾಶಿನಿ, ಕಾರವಾರದಲ್ಲಿ ಕಾಳಿ. ಗೋವಾ ದಾಟಿ ಮೇಲೆ ಹೋದರೆ ರತ್ನಾಗಿರಿಯ ಹತ್ತಿರ 64 ಮೀಟರ್ ಎತ್ತರದ ಪಾನವಲ್ ಸೇತುವೆ, ಆರೂವರೆ ಕಿಲೋಮೀಟರ್ ಉದ್ದದ ಕರಬುಡೆ ಸುರಂಗ.

ನೀಲಗಿರಿಯ ರೈಲಿನ ಚೆಲುವೇ ಬೇರೆ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್ ಏರಲು ಸುಮಾರು ಐದು ಗಂಟೆ ಬೇಕು. ಕಲ್ಲಾರಿನಿಂದ ಕೂನೂರಿನವರೆಗೆ ಏರು 12ಕ್ಕೆ 1. ಅಷ್ಟು ಕಡಿದಾದ ಹಳಿಯ ಮೇಲೆ ಚಕ್ರ ಜಾರುತ್ತದೆ. ಅದಕ್ಕಾಗಿ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಅಡಿಯ ಹಲ್ಲುಚಕ್ರ ಆ ಪಟ್ಟಿಯನ್ನು ಕಚ್ಚಿಕೊಂಡು ಒಂದೊಂದೇ ಹಲ್ಲು ಮೇಲೇರುತ್ತದೆ. ಎಂಜಿನ್ ಹಿಂದೆ ನಿಂತು ಬೋಗಿಗಳನ್ನು ದೂಡುವುದರಿಂದ ಮುಂದಿನ ಬೋಗಿಯಲ್ಲಿ ಕೂತವರಿಗೆ ಹಾದಿ ತೆರೆದುಕೊಂಡು ಕಾಣುತ್ತದೆ. 2005ರಲ್ಲಿ ಇದಕ್ಕೆ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಒಂದೇ ದಿಕ್ಕಿನಲ್ಲಿ ಹೋಗುವುದಾದರೆ ಏರುವ ಪ್ರಯಾಣವನ್ನೇ ಆರಿಸಿ.

ಉತ್ತರದ ಕಡೆ ಹೊರಟರೆ ಕಾಲ್ಕಾ–ಶಿಮ್ಲಾ. 1903ರಲ್ಲಿ ತೆರೆದ 96 ಕಿಲೋಮೀಟರಿನ ಪುಟ್ಟ ಹಳಿ, ನೂರಕ್ಕೂ ಹೆಚ್ಚು ಸುರಂಗ, ಕನೋಹ್‌ನಲ್ಲಿ ಕಲ್ಲಿನ ನಾಲ್ಕು ಅಂತಸ್ತಿನ ಕಮಾನು ಸೇತುವೆ. ಯಶವಂತಪುರದಿಂದ ಕರ್ನಾಟಕ ಸಂಪರ್ಕ ಕ್ರಾಂತಿ ಚಂಡೀಗಢದವರೆಗೂ ಹೋಗುವುದರಿಂದ ಕಾಲ್ಕಾ ನಮಗೆ ಅಂದುಕೊಂಡಷ್ಟು ದೂರವಲ್ಲ. ಡಾರ್ಜಿಲಿಂಗಿನ ಆಟಿಕೆ ರೈಲು ಇನ್ನೂ ಹಳೆಯದು, 1881ರದು. ಪೂರ್ತಿ 88 ಕಿಲೋಮೀಟರ್ ಕೂರಲು ಬಿಡುವಿಲ್ಲದವರು ಡಾರ್ಜಿಲಿಂಗಿನಿಂದ ಘೂಮ್‌ವರೆಗಿನ ಸಣ್ಣ ಸವಾರಿ ಮಾಡಬಹುದು. ಹಳಿ ಸುರುಳಿಯಂತೆ ಸುತ್ತುವ ಬತಾಸಿಯಾ ಸುತ್ತು ಅದರಲ್ಲೇ ಸಿಗುತ್ತದೆ. ವಿಶಾಖಪಟ್ಟಣದಿಂದ ಬೆಳಿಗ್ಗೆ ಹೊರಡುವ ಅರಕು ಕಣಿವೆಯ ರೈಲು ಬೊರ್ರಾ ಗುಹೆಗಳ ಹಾದಿಯಲ್ಲಿ ಹೋಗುತ್ತದೆ. ಅದು ಒಂದು ದಿನದ ಒಳ್ಳೆಯ ಪ್ರಯಾಣ.

ಕಾಶ್ಮೀರದ ಹೊಸ ಮಾರ್ಗದ ಬಗ್ಗೆ ಎಲ್ಲರೂ ಕೇಳುತ್ತಾರೆ. 2025ರ ಜೂನ್ 6ರಂದು ಉದ್ಘಾಟನೆಯಾದ ಚೆನಾಬ್ ಸೇತುವೆ ನದಿಯಿಂದ 359 ಮೀಟರ್ ಎತ್ತರದಲ್ಲಿದೆ. ಅದನ್ನು ದಾಟುವುದು ನಿಜಕ್ಕೂ ದೊಡ್ಡ ಅನುಭವ. ಆದರೆ ಕಟ್ರಾ–ಬನಿಹಾಲ್ ನಡುವಿನ 111 ಕಿಲೋಮೀಟರಿನಲ್ಲಿ 97 ಕಿಲೋಮೀಟರ್ ಸುರಂಗವೇ ಎಂಬುದನ್ನು ತಿಳಿದು ಹೊರಡಿ. ಸೇತುವೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ನಿಜವಾದ ನೋಟ ಬನಿಹಾಲ್ ಸುರಂಗದ ಆಚೆ, ಕಾಜಿಗುಂಡ್‌ನಿಂದ ಶ್ರೀನಗರ ದಾಟಿ ಬಾರಾಮುಲ್ಲಾದವರೆಗಿನ ಬಯಲಿನಲ್ಲಿದೆ. ಪಾಂಪೋರಿನ ಕೇಸರಿ ಹೊಲಗಳು, ಸಾಲು ಚಿನಾರ್ ಮರಗಳು, ಸುತ್ತಲೂ ಹಿಮದ ಗೋಡೆ. ಶ್ರೀನಗರದಲ್ಲಿ ಒಂದು ದಿನ ತಂಗಿ, ಸ್ಥಳೀಯ ರೈಲಿನಲ್ಲಿ ಆ ಭಾಗವನ್ನು ನಿಧಾನವಾಗಿ ನೋಡುವುದು ಲೇಸು.

ಎರಡನೇ ಹೆಜ್ಜೆ: ತಿಂಗಳು ಗೊತ್ತುಮಾಡಿ

ಪಶ್ಚಿಮ ಘಟ್ಟದ ಹಾದಿಗಳಿಗೆ ನನ್ನ ಮತ ಸೆಪ್ಟೆಂಬರಿಗೆ. ಜುಲೈನಲ್ಲಿ ನೀರು ಹೆಚ್ಚು, ನಿಜ; ಆದರೆ ಮಂಜು ಮುಸುಕಿ ಬಿಳಿ ಪರದೆಯ ಹೊರತು ಏನೂ ಕಾಣದ ದಿನಗಳೂ ಬಹಳ. ಗುಡ್ಡ ಕುಸಿದು ರೈಲು ನಿಲ್ಲುವ ಸಾಧ್ಯತೆಯೂ ಆಗಲೇ ಜಾಸ್ತಿ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಮಂಗಳೂರಿನ ರೈಲುಗಳು ದಿನಗಟ್ಟಲೆ ನಿಂತವು. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟು ಬಿಟ್ಟು ಬರುತ್ತದೆ, ಜಲಪಾತಗಳು ಇನ್ನೂ ತುಂಬಿರುತ್ತವೆ, ಆಕಾಶ ಆಗಾಗ ತೆರೆಯುತ್ತದೆ. ಮಾರ್ಚ್ ಕಳೆದ ಮೇಲೆ ಹೋದರೆ ದೂಧಸಾಗರದಲ್ಲಿ ಒದ್ದೆ ಬಂಡೆಯಷ್ಟೇ ಉಳಿದಿರುತ್ತದೆ.

ಕೊಂಕಣ ರೈಲ್ವೆಗೆ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ವೇಗ ತಗ್ಗಿಸಿ ಓಡಿಸುತ್ತಾರೆ, ಹೊರಡುವ ಮತ್ತು ತಲುಪುವ ಸಮಯ ಗಂಟೆಗಟ್ಟಲೆ ಬದಲಾಗುತ್ತದೆ. ಬೇಸಿಗೆಯ ವೇಳಾಪಟ್ಟಿ ನೋಡಿಕೊಂಡು ಆಗಸ್ಟಿನಲ್ಲಿ ಹೊರಟರೆ ನೋಡಬೇಕಾದ ಜಾಗಕ್ಕೆ ಕತ್ತಲಲ್ಲಿ ಬರುತ್ತೀರಿ.

ನೀಲಗಿರಿಗೆ ಅಕ್ಟೋಬರ್, ನವೆಂಬರ್ ತಿಂಗಳುಗಳು ಅಪಾಯದವು. ಹಿಂಗಾರು ಮಳೆಗೆ ಹಳಿಯ ಮೇಲೆ ಮಣ್ಣು, ಮರ ಬಿದ್ದು ರೈಲು ರದ್ದಾಗುವುದು ಪದೇ ಪದೇ ನಡೆಯುತ್ತದೆ. ಡಾರ್ಜಿಲಿಂಗಿನ ಲೆಕ್ಕ ಇದಕ್ಕೆ ತದ್ವಿರುದ್ಧ: ಕಾಂಚನಜುಂಗಾ ಸ್ಪಷ್ಟವಾಗಿ ಕಾಣಬೇಕಾದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೋಗಬೇಕು. ಶಿಮ್ಲಾದಲ್ಲಿ ಹಿಮ ಬೇಕೆನ್ನುವವರು ಜನವರಿ, ಫೆಬ್ರವರಿಯನ್ನು ನೆಚ್ಚಿಕೊಳ್ಳಬಹುದು.

ಮೂರನೇ ಹೆಜ್ಜೆ: ವೇಳಾಪಟ್ಟಿಯನ್ನು ಸೂರ್ಯನೊಂದಿಗೆ ಇಟ್ಟು ಓದಿ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹೊರಡುವ ಸಮಯ ಮತ್ತು ತಲುಪುವ ಸಮಯ ನೋಡಿ ಟಿಕೆಟ್ ತೆಗೆಯುತ್ತಾರೆ. ನೀವು ನೋಡಬೇಕಾದದ್ದು ನಿಮ್ಮ ತುಂಡು ಹಾದಿಯ ಎರಡು ತುದಿಯ ನಿಲ್ದಾಣಗಳ ಸಮಯ. ರೈಲಿನ ಪೂರ್ತಿ ವೇಳಾಪಟ್ಟಿ ತೆರೆದು, ಸಕಲೇಶಪುರಕ್ಕೆ ಎಷ್ಟು ಗಂಟೆಗೆ, ಸುಬ್ರಹ್ಮಣ್ಯ ರೋಡಿಗೆ ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ಎರಡೂ ಹಗಲಿನಲ್ಲಿದ್ದರೆ ಸರಿ. ಒಂದು ತುದಿ ಸಂಜೆ ಐದೂವರೆಗೆ ಇದೆ ಎನ್ನಿ. ರೈಲು ಒಂದು ಗಂಟೆ ತಡವಾದರೂ ಆಟ ಮುಗಿಯಿತು. ಹಾಗಾಗಿ ಕೊನೆಯ ತುದಿಗೂ ಸೂರ್ಯಾಸ್ತಕ್ಕೂ ನಡುವೆ ಎರಡು ಗಂಟೆಯ ಅಂತರವಾದರೂ ಇರಲಿ.

ಇಡೀ ದೇಶಕ್ಕೆ ಗಡಿಯಾರ ಒಂದೇ ಆದರೂ ಸೂರ್ಯ ಒಂದೇ ಹೊತ್ತಿಗೆ ಮುಳುಗುವುದಿಲ್ಲ. ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಸಂಜೆ ಆರರವರೆಗೂ ಬೆಳಕಿದ್ದರೆ, ಅಸ್ಸಾಮಿನ ದಿಬ್ರುಗಢದಲ್ಲಿ ನಾಲ್ಕೂವರೆಗೆಲ್ಲ ಕತ್ತಲು ಕವಿಯುತ್ತದೆ. ಈಶಾನ್ಯದ ಬೆಟ್ಟಗಳನ್ನು ನೋಡಲು ಹೊರಡುವವರು ಮಧ್ಯಾಹ್ನ ಮೂರಕ್ಕೇ ದಿನ ಮುಗಿಯಿತೆಂದು ಎಣಿಸಿ ರೈಲನ್ನು ಆರಿಸಬೇಕು.

ಇನ್ನೊಂದು ಮಾತು. ಆ ರೈಲು ಕಳೆದ ವಾರ ನಿಜವಾಗಿ ಎಷ್ಟು ತಡವಾಗಿ ಓಡಿದೆ ಎಂಬುದನ್ನು ರೈಲ್ವೆಯದೇ ಎನ್‌ಟಿಇಎಸ್ ಅಥವಾ ರೈಲ್‌ಒನ್ ಆ್ಯಪಿನಲ್ಲಿ ನಾಲ್ಕೈದು ದಿನ ಗಮನಿಸಿ. ಮಾರ್ಗದಲ್ಲಿ ಕಾಮಗಾರಿ ಇದೆಯೇ ಎಂಬುದೂ ತಿಳಿಯುತ್ತದೆ. 2025ರಲ್ಲಿ ವಿದ್ಯುದೀಕರಣಕ್ಕಾಗಿ ಸಕಲೇಶಪುರ ಘಾಟಿಯ ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಅದು ತಿಳಿಯದೆ ಹೋಟೆಲ್ ಕಾಯ್ದಿರಿಸಿದ ಗೆಳೆಯರೊಬ್ಬರು ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯಬೇಕಾಯಿತು.

ನಾಲ್ಕನೇ ಹೆಜ್ಜೆ: ತರಗತಿ, ಸೀಟು, ಬದಿ

ಹವಾನಿಯಂತ್ರಿತ ಬೋಗಿಯಲ್ಲಿ ಕಿಟಕಿ ತೆರೆಯುವುದಿಲ್ಲ. ಗಾಜಿಗೆ ಬಣ್ಣವಿರುತ್ತದೆ, ಹಲವು ಸಲ ಧೂಳಿನ ಪದರವೂ ಇರುತ್ತದೆ. ಮಳೆಯ ಕಾಡಿನ ವಾಸನೆ, ಸುರಂಗದ ತಣ್ಣನೆಯ ಗಾಳಿ ಇವೆಲ್ಲ ಆಚೆಯೇ ಉಳಿಯುತ್ತವೆ. ಘಾಟಿಯ ಹಾದಿಗೆ ಸ್ಲೀಪರ್ ಅಥವಾ ಎರಡನೇ ದರ್ಜೆಯ ಕೂರುವ ಬೋಗಿಯೇ ನನ್ನ ಆಯ್ಕೆ. ಬಯಲುಸೀಮೆಯ ಬೇಸಿಗೆಯಲ್ಲಿ ದಿನವಿಡೀ ಕೂರುವುದಾದರೆ ಮಾತ್ರ ಎಸಿ ತೆಗೆದುಕೊಳ್ಳಿ.

ವಿಸ್ಟಾಡೋಮ್ ಬೋಗಿಯ ವಿಷಯ ಬೇರೆ. ಯಶವಂತಪುರ–ಮಂಗಳೂರು ಹಗಲಿನ ರೈಲುಗಳಿಗೆ 2021ರ ಜುಲೈಯಲ್ಲಿ ಇವನ್ನು ಜೋಡಿಸಿದರು. ಗಾಜಿನ ಸೂರು, ಅಗಲ ಕಿಟಕಿ, ತಿರುಗಿಸಿಕೊಳ್ಳಬಹುದಾದ 44 ಕುರ್ಚಿಗಳು. ದರ ದುಬಾರಿ, ಕಿಟಕಿ ತೆರೆಯುವುದಿಲ್ಲ. ಆದರೆ ಮಂಡಿನೋವಿನ ಹಿರಿಯರಿಗೆ, ಕಿಟಕಿಗಾಗಿ ಜಗಳವಾಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎಲ್ಲಿ ಕೂತರೂ ಎರಡೂ ಬದಿ ಕಾಣುತ್ತದೆ. ಅಮ್ಮನನ್ನು ಕರೆದುಕೊಂಡು ಹೋದಾಗ ನಾನು ಇದನ್ನೇ ಆರಿಸಿದೆ. ಒಬ್ಬನೇ ಹೋದಾಗ ತೆರೆದ ಕಿಟಕಿಯ ಬಳಿ ಕೂರುತ್ತೇನೆ.

ಸ್ಲೀಪರ್ ಬೋಗಿಯಲ್ಲಿ ಸೈಡ್ ಲೋವರ್ ಬರ್ತ್ ಸಿಕ್ಕರೆ ಹಬ್ಬ. 7, 15, 23, 31 ಹೀಗೆ ಎಂಟೆಂಟರ ಲೆಕ್ಕದಲ್ಲಿ ಅವು ಬರುತ್ತವೆ. ಹಗಲಿನಲ್ಲಿ ಸೈಡ್ ಅಪ್ಪರ್‌ನವರೂ ಅಲ್ಲೇ ಕೂರುತ್ತಾರೆ, ಆದರೂ ಇಬ್ಬರಿಗೂ ಕಿಟಕಿ ಸಿಗುತ್ತದೆ. ಆರ್‌ಎಸಿ ಟಿಕೆಟ್ ಬಂದರೂ ಹಗಲಿನ ಪ್ರಯಾಣಕ್ಕೆ ಬೇಸರಪಡಬೇಕಾಗಿಲ್ಲ. ಅದರಲ್ಲಿ ಸಿಗುವುದು ಇದೇ ಸೀಟಿನ ಅರ್ಧ.

ಯಾವ ಬದಿ ಎಂಬುದಕ್ಕೆ ಯಾರನ್ನೂ ಕೇಳಬೇಡಿ, ನಕ್ಷೆಯನ್ನು ಕೇಳಿ. ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೆರೆದು ಹಳಿಯನ್ನು ಹಿಂಬಾಲಿಸಿ. ನದಿ ಯಾವ ಬದಿಗೆ ಇದೆಯೋ ಕಣಿವೆ ಅಲ್ಲೇ ಇರುತ್ತದೆ, ಇನ್ನೊಂದು ಬದಿಯಲ್ಲಿ ಕತ್ತರಿಸಿದ ಬಂಡೆ ಮಾತ್ರ. ಸಕಲೇಶಪುರದಿಂದ ಇಳಿಯುವಾಗ ಕೆಂಪುಹೊಳೆಯ ಕಣಿವೆ ಹೆಚ್ಚಾಗಿ ಬಲಗಡೆ. ಜೊತೆಗೆ ಬಿಸಿಲನ್ನೂ ಲೆಕ್ಕ ಹಾಕಿ. ಮಂಗಳೂರಿನಿಂದ ಗೋವಾ ಕಡೆಗೆ ಮಧ್ಯಾಹ್ನದ ನಂತರ ಹೊರಟರೆ ಎಡಗಡೆಯ ಕಿಟಕಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಅದೇ ಬಿಸಿಲು ಬಲಗಡೆಯ ಘಟ್ಟಸಾಲಿನ ಮೇಲೆ ಬಿದ್ದು ಬೆಟ್ಟಗಳು ಬೆಳಗುತ್ತವೆ.

ಐದನೇ ಹೆಜ್ಜೆ: ಟಿಕೆಟ್

2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ವಿಸ್ಟಾಡೋಮ್, ನೀಲಗಿರಿ, ಶಿಮ್ಲಾ ರೈಲುಗಳಲ್ಲಿ ಸೀಟು ಕಡಿಮೆ. ರಜೆಯ ದಿನಗಳಿಗಾದರೆ ತೆರೆದ ದಿನವೇ ಕೂತು ತೆಗೆಯಿರಿ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸುವ ಕೆಲಸವನ್ನು ಮೊದಲೇ ಮುಗಿಸಿಡಿ; ಆನ್‌ಲೈನ್ ತತ್ಕಾಲ್‌ಗೆ ಅದು ಈಗ ಕಡ್ಡಾಯ. ತತ್ಕಾಲ್ ಹಿಂದಿನ ದಿನ ತೆರೆಯುತ್ತದೆ, ಎಸಿಗೆ ಬೆಳಿಗ್ಗೆ ಹತ್ತಕ್ಕೆ, ಉಳಿದ ತರಗತಿಗಳಿಗೆ ಹನ್ನೊಂದಕ್ಕೆ. ವೇಟಿಂಗ್ ಲಿಸ್ಟ್ ಟಿಕೆಟ್ ನಂಬಿ ನಿಲ್ದಾಣಕ್ಕೆ ಹೋಗಬೇಡಿ, ಕಾಯ್ದಿರಿಸಿದ ಬೋಗಿಗೆ ಅದರೊಂದಿಗೆ ಹತ್ತುವಂತಿಲ್ಲ. ಟಿಕೆಟ್ ತೆಗೆಯುವಾಗ ಕೇಳುವ ವಿಮೆಗೆ ಒಂದು ರೂಪಾಯಿಗೂ ಕಡಿಮೆ ಖರ್ಚು, ಬೇಡ ಎನ್ನಬೇಡಿ.

ಒಂದು ರೈಲು ಇಳಿದು ಇನ್ನೊಂದು ಹಿಡಿಯುವುದಿದ್ದರೆ ನಡುವೆ ಕನಿಷ್ಠ ನಾಲ್ಕು ಗಂಟೆ ಇಡಿ. ಇನ್ನೂ ಒಳ್ಳೆಯದು, ಒಂದು ರಾತ್ರಿ ಅಲ್ಲೇ ತಂಗಿ.

ಆರನೇ ಹೆಜ್ಜೆ: ರೈಲಿನಲ್ಲಿ

ಬಾಗಿಲ ಮೆಟ್ಟಿಲ ಮೇಲೆ ಕೂರಬೇಡಿ, ಹೊರಗೆ ಬಾಗಿ ಫೋಟೊ ತೆಗೆಯಬೇಡಿ. ಘಾಟಿಯಲ್ಲಿ ಸುರಂಗದ ಗೋಡೆ, ಸಿಗ್ನಲ್ ಕಂಬ ಬೋಗಿಗೆ ಗೇಣು ದೂರದಲ್ಲಿ ಹಾಯುತ್ತವೆ. ರೈಲು ನಿಧಾನವಾಗಿದೆ ಎಂಬ ಭಾವನೆಯೇ ಅಪಾಯಕ್ಕೆ ದಾರಿ. ಮಕ್ಕಳಿದ್ದರೆ ಸುರಂಗ ಬರುವ ಮೊದಲು ಅವರ ಕೈ ಒಳಗಿದೆಯೇ ಎಂದು ನೋಡಿ. ದೂಧಸಾಗರದಲ್ಲಿ ಇಳಿದು ಹಳಿಯ ಮೇಲೆ ನಡೆಯುವುದು, ಎಡಕುಮೇರಿಯ ಹಳಿಗುಂಟ ಚಾರಣ ಮಾಡುವುದು ಎರಡೂ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಸುರಂಗದೊಳಗೆ ರೈಲು ಎದುರಾದರೆ ಸರಿದು ನಿಲ್ಲಲು ಜಾಗ ಸಿಗುತ್ತದೆಂಬ ಖಾತರಿಯಿಲ್ಲ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು.

ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ನಕ್ಷೆಯನ್ನೂ ಟಿಕೆಟನ್ನೂ ಮೊದಲೇ ಇಳಿಸಿಕೊಳ್ಳಿ. ಮನೆಯಿಂದ ಚಪಾತಿ ಪಲ್ಯವೋ ಚಿತ್ರಾನ್ನವೋ ಕಟ್ಟಿಕೊಂಡು ಹೋಗಿ. ಘಾಟಿಯೊಳಗಿನ ಸಣ್ಣ ನಿಲ್ದಾಣಗಳಲ್ಲಿ ಏನೂ ಸಿಗುವುದಿಲ್ಲ. ತಿಂದ ಕಾಗದ, ಬಾಟಲಿಗಳನ್ನು ಚೀಲದಲ್ಲೇ ಇಟ್ಟುಕೊಂಡು ಊರಿನಲ್ಲಿ ಎಸೆಯಿರಿ. ಕಿಟಕಿಯಿಂದ ಎಸೆದದ್ದನ್ನು ಆ ಕಾಡಿನಲ್ಲಿ ಹೆಕ್ಕುವವರಿಲ್ಲ. ತೊಂದರೆಯಾದರೆ 139ಕ್ಕೆ ಕರೆ ಮಾಡಿ.

ಒಂದು ಸುತ್ತು: ಘಟ್ಟ ಇಳಿದು, ಕರಾವಳಿಯಲ್ಲಿ ನಡೆದು, ಘಟ್ಟ ಹತ್ತಿ

ಮೊದಲ ಸಲ ಹೊರಡುವವರಿಗೆ ನಾನು ಹೇಳುವ ಪ್ರಯಾಣ ಇದು. ಯಶವಂತಪುರದಿಂದ ಬೆಳಿಗ್ಗೆ ಏಳರ ಸುಮಾರಿಗೆ ಕಾರವಾರದ ಕಡೆ ಹೊರಡುವ ರೈಲು ವಾರದಲ್ಲಿ ಮೂರು ದಿನ ಇದೆ. ಅದರಲ್ಲಿ ಹತ್ತಿ. ಮಧ್ಯಾಹ್ನದ ಹೊತ್ತಿಗೆ ಘಾಟಿ ಇಳಿದು ಮುಗಿದಿರುತ್ತದೆ. ಕಾರವಾರದವರೆಗೆ ಹೋದರೆ ರಾತ್ರಿಯಾಗುತ್ತದೆ, ಶರಾವತಿ, ಅಘನಾಶಿನಿಗಳೆಲ್ಲ ಕತ್ತಲಿನಲ್ಲಿ ಕಳೆದುಹೋಗುತ್ತವೆ. ಉಡುಪಿ ಅಥವಾ ಕುಂದಾಪುರದಲ್ಲಿ ಇಳಿದು ತಂಗಿ. ಮರುದಿನ ಹಗಲಿನ ಪ್ಯಾಸೆಂಜರ್ ರೈಲಿನಲ್ಲಿ ಮಡಗಾಂವ್‌ಗೆ ಹೊರಡಿ. ಭಟ್ಕಳ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ ಎಂದು ನಿಲ್ಲುತ್ತ ಹೋಗುವ ಆ ರೈಲಿನಲ್ಲಿ ಮೀನಿನ ಬುಟ್ಟಿ, ಮಲ್ಲಿಗೆಯ ಚೆಂಡು, ಕಾಲೇಜು ಹುಡುಗರು ಎಲ್ಲರೂ ಹತ್ತಿ ಇಳಿಯುತ್ತಾರೆ. ವೇಗದ ರೈಲಿನಲ್ಲಿ ಈ ಕರಾವಳಿ ಸಿಗುವುದಿಲ್ಲ.

ಗೋವಾದಲ್ಲಿ ಒಂದೋ ಎರಡೋ ದಿನ ಕಳೆದು, ವಾಸ್ಕೋದಿಂದ ಬೆಳಿಗ್ಗೆ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ಸನ್ನು ಮಡಗಾಂವ್‌ನಲ್ಲಿ ಹಿಡಿಯಿರಿ. ಇದು ವಾರದಲ್ಲಿ ಕೆಲವೇ ದಿನ ಓಡುತ್ತದೆ. ಹಾಗಾಗಿ ಇಡೀ ಸುತ್ತಿನ ದಿನಾಂಕವನ್ನು ಈ ರೈಲಿನಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಬೇಕು. ಕುಳೆಂನಲ್ಲಿ ಬ್ಯಾಂಕರ್ ಜೋಡಿಸುವಾಗ ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಗಲೇ ಕಿಟಕಿಯ ಗಾಜು ಮೇಲೆತ್ತಿ ಕೂತುಬಿಡಿ. ಮುಂದಿನ ಒಂದು ಗಂಟೆ ಏಳುವ ಮನಸ್ಸಾಗುವುದಿಲ್ಲ. ಬೆಳಗಿನ ಏರಿನಲ್ಲಿ ದೂಧಸಾಗರದ ಸದ್ದು ಮೊದಲು ಕೇಳುತ್ತದೆ, ಆಮೇಲೆ ತಿರುವಿನಲ್ಲಿ ನೀರು ಕಾಣುತ್ತದೆ.

ಕ್ಯಾಸಲ್‌ರಾಕ್, ಲೋಂಡಾ, ಧಾರವಾಡ ದಾಟಿ ರೈಲು ಹುಬ್ಬಳ್ಳಿ ಸೇರುತ್ತದೆ. ಅಂದೇ ಬೆಂಗಳೂರಿನ ರೈಲಿಗೆ ಟಿಕೆಟ್ ತೆಗೆದಿದ್ದರೆ ಘಾಟಿಯಲ್ಲಾಗುವ ತಡ ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಬಹುದು. ರಾತ್ರಿಯ ರೈಲನ್ನೋ ಮರುದಿನದ್ದನ್ನೋ ಇಟ್ಟುಕೊಳ್ಳಿ. ಸಮಯ ಉಳಿದರೆ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ. ಕೂತು ಕೂತು ಜಡ್ಡುಗಟ್ಟಿದ ಕಾಲಿಗೆ ಹಿತವಾಗಿರುತ್ತದೆ.